ಏಳು ಲೇಯರ್ ಇದ್ದದ್ದು ನಿಜ

ಎರಡು ವರ್ಷದ ಹಿಂದೆ, ದುರ್ಗಾಪೂಜೆ ಮುಗಿದು ಪೆಂಡಾಲುಗಳ ಬಿದಿರು ಬಿಚ್ಚುತ್ತಿದ್ದ ದಿನಗಳಲ್ಲಿ ನಡೆದ ಸಂಗತಿ ಇದು. ಇದುವರೆಗೆ ಮೂರು ಜನರ ಮುಂದೆ ಮಾತ್ರ ಹೇಳಿದ್ದೇನೆ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮುಚ್ಚಿಟ್ಟುಕೊಂಡು ಸಾಧಿಸುವುದೇನೂ ಇಲ್ಲ ಎನಿಸಿ ಈಗ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಾಯಿಸಿದ್ದೇನೆ.

ನಾನು ಕುಂದಾಪುರದ ಕಡೆಯವನು. ಹೈಸ್ಕೂಲು ಮುಗಿಸಿ ಸೋದರಮಾವನ ಜೊತೆ ಕಲ್ಕತ್ತೆಗೆ ಬಂದೆ. ಮಾವ ತಮ್ಮ ಹೋಟೆಲಿಗೆಂದು ಕರೆತಂದಿದ್ದರು, ನಾನು ಅದರ ಪಕ್ಕದ ಫೋಟೋ ಸ್ಟುಡಿಯೋ ಸೇರಿದೆ. ಮೊದಲು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದುತ್ತಿದ್ದೆ, ಕಂಪ್ಯೂಟರ್ ಬಂದ ಮೇಲೆ ಅದರಲ್ಲಿ. ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಜನ ಹಳೆಯ ಗ್ರೂಪ್ ಫೋಟೋ ಹಿಡಿದುಕೊಂಡು ಬರುತ್ತಾರೆ. ಅದರಿಂದ ಒಬ್ಬರನ್ನು ಮಾತ್ರ ಬಿಡಿಸಿ, ಹಿಂದೆ ನೀಲಿ ಬಣ್ಣ ಕೊಟ್ಟು, ಗೋಡೆಗೆ ಹಾಕುವ ಪಟ ಮಾಡಿಕೊಡಬೇಕು. ಹಾಗೆ ಬಿಡಿಸುವುದರಲ್ಲಿ ನನಗೆ ಸಮನಾದವರು ಆ ಪಾಡಾದಲ್ಲಿ, ಅಂದರೆ ಆ ಬಡಾವಣೆಯಲ್ಲಿ, ಇಲ್ಲ ಎಂದು ಮಾಲೀಕರು ಹೇಳುತ್ತಿದ್ದರು. ನಾನೂ ಅದನ್ನು ನಂಬಿದ್ದೆ.

ಕೆಲಸ ಬಿಟ್ಟ ಮೇಲೆ, ಸದರ್ನ್ ಅವೆನ್ಯೂದಲ್ಲಿರುವ ಪರಿಚಯದ ಕನ್ನಡಿಗರೊಬ್ಬರು ತಮ್ಮ ಮನೆಯ ಕೆಳಗಿನ ಕೋಣೆ ಬಿಟ್ಟುಕೊಟ್ಟರು. ನಾಲ್ಕು ಹಳೆಯ ಕಂಪ್ಯೂಟರ್‌ಗಳೂ ಸಿಕ್ಕಿದವು. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ನಮ್ಮವರಿಗೆ ಫೋಟೋ ತಿದ್ದುವುದನ್ನು ಕಲಿಸಲು ಶುರುಮಾಡಿದೆ. ಐದಾರು ಜನ ಬರುತ್ತಿದ್ದರು. ಕೆಲವರಿಗೆ ಮೆನು ಕಾರ್ಡ್ ಮಾಡಬೇಕಿತ್ತು, ಕೆಲವರಿಗೆ ಮೊಮ್ಮಕ್ಕಳ ಫೋಟೋ ಚಂದ ಮಾಡಬೇಕಿತ್ತು.

ಹೊಸಬರಿಗೆ ಎರಡು ವಿಷಯ ಕಷ್ಟ. ಒಂದು ಲೇಯರ್, ಇನ್ನೊಂದು ಸೆಲೆಕ್ಷನ್, ಅಂದರೆ ಚಿತ್ರದಲ್ಲಿ ಬೇಕಾದ ಭಾಗವನ್ನಷ್ಟೇ ಗೆರೆ ಹಾಕಿ ಹಿಡಿಯುವುದು. ಲೇಯರನ್ನು ನಾನು ಆಚೆಯದು ಕಾಣುವ ಬಟರ್ ಪೇಪರ್ ತೋರಿಸಿ ವಿವರಿಸುತ್ತಿದ್ದೆ: ಒಂದು ಹಾಳೆಯಲ್ಲಿ ಮನುಷ್ಯ, ಇನ್ನೊಂದರಲ್ಲಿ ಮರ, ಮತ್ತೊಂದರಲ್ಲಿ ಆಕಾಶ, ಒಂದರ ಮೇಲೊಂದು ಇಟ್ಟರೆ ಒಂದೇ ಚಿತ್ರ, ಬೇಕಾದಾಗ ಒಂದನ್ನೇ ಎತ್ತಿ ತಿದ್ದಬಹುದು. ಎಲ್ಲವನ್ನೂ ಮರ್ಜ್ ಮಾಡಿದರೆ, ಅಂದರೆ ಅಂಟಿಸಿ ಒಂದೇ ಹಾಳೆ ಮಾಡಿದರೆ, ಮತ್ತೆ ಬಿಡಿಸಲಾಗದು. ಬ್ಯಾಂಕಿನಿಂದ ನಿವೃತ್ತರಾದ ಪೈಗಳು, "ಅರ್ಥ ಆಯ್ತು. ಲೇಯರ್ ಅಂದ್ರೆ ಬಡಿಸಿದ ಎಲೆ, ಮರ್ಜ್ ಅಂದ್ರೆ ಕಲಸಿದ ಅನ್ನ" ಎಂದರು. ಆಮೇಲೆ ಕ್ಲಾಸಿನಲ್ಲಿ ಯಾರೂ ಮರ್ಜ್ ಎನ್ನಲಿಲ್ಲ, ಕಲಸುವುದು ಎಂದೇ ಹೇಳುತ್ತಿದ್ದರು. ಯಾರೂ ತಿಳಿಯದೆ ಕಲಸಿಬಿಡಬಾರದೆಂದು ನಾನು ಒಂದು ಕ್ರಮ ಮಾಡಿದ್ದೆ: ಫೈಲು ಮುಚ್ಚುವ ಮೊದಲು ಲೇಯರ್‌ಗಳನ್ನು ಎಣಿಸಬೇಕು.

ಎಲ್ಲರಿಗಿಂತ ಶ್ರದ್ಧೆಯಿಂದ ಕಲಿತವರು ವಾರಿಜಕ್ಕ. ವಯಸ್ಸು ಅರವತ್ತನಾಲ್ಕು. ಉಡುಪಿಯವರು, ದಕ್ಷಿಣೇಶ್ವರದಲ್ಲಿ ಮಗ ಸೊಸೆಯ ಜೊತೆ ಕೇಟರಿಂಗ್ ನಡೆಸುತ್ತಾರೆ. ಮುನ್ನೂರು ಜನರ ಊಟಕ್ಕೆ ಅಳತೆಯಿಲ್ಲದೆ ಉಪ್ಪು ಹಾಕಬಲ್ಲವರು. ತೀರಿಕೊಂಡ ತಾಯಿಯದ್ದು ಒಂದೇ ಒಂದು ಒಳ್ಳೆಯ ಫೋಟೋ ಇತ್ತು, ಯಾರದೋ ಮದುವೆಯ ಗ್ರೂಪ್‌ನಲ್ಲಿ. ಅದರ ಸ್ಕ್ಯಾನ್ ತಂದಿದ್ದರು. ತಾಯಿಯ ವರ್ಷಾಂತಿಕದ ದಿನ ಪಟ ಮಾಡಿ ಇಡಬೇಕು, ತಾನೇ ಮಾಡಬೇಕು ಎಂಬುದು ಅವರ ಹಟ. ನಾನು ಅರ್ಧ ದಿನದಲ್ಲಿ ಮಾಡಿಕೊಡುತ್ತೇನೆ ಎಂದರೂ ಒಪ್ಪಲಿಲ್ಲ.

ಕೆಲಸ ಸುಲಭದ್ದಾಗಿರಲಿಲ್ಲ. ತಾಯಿ ಮುಡಿದ ಮಲ್ಲಿಗೆ ಬಿಳಿ, ಹಿಂದಿನ ಗೋಡೆಯೂ ಬಿಳಿ. ಒಂದೇ ಬಣ್ಣದ ಜಾಗವನ್ನು ತಾನಾಗಿ ಹಿಡಿಯುವ ಉಪಕರಣವಿದೆ, ಅದು ಹೂವನ್ನೂ ಗೋಡೆಯನ್ನೂ ಒಟ್ಟಿಗೆ ಹಿಡಿಯುತ್ತಿತ್ತು. ವಾರಿಜಕ್ಕ ಚಿತ್ರವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ, ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ, ಒಂದೊಂದೇ ಚುಕ್ಕೆ ಇಟ್ಟು ಎಸಳೆಸಳನ್ನೂ ಬಿಡಿಸಿದರು. ಬೇಗ ಮುಗಿಸಿ ಎಂದರೆ, "ಗಡಿಬಿಡಿ ಎಂತ ಮಾಸ್ಟ್ರೆ, ಅಮ್ಮ ಇನ್ನು ಎಲ್ಲಿಗೂ ಹೋಗುವುದಿಲ್ಲ" ಎನ್ನುತ್ತಿದ್ದರು. ತಾಯಿಗೆ ಕೊನೆಯ ನಾಲ್ಕು ವರ್ಷ ಮರೆವಿನ ಕಾಯಿಲೆ ಇತ್ತಂತೆ. ಕೈತುತ್ತು ಕೊಡುತ್ತಿದ್ದ ಮಗಳನ್ನೇ "ನೀನು ಯಾರ ಮನೆಯವಳು?" ಎಂದು ಕೇಳುತ್ತಿದ್ದರಂತೆ. ಇದನ್ನೆಲ್ಲ ಅವರು ಮೌಸ್ ಹಿಡಿದುಕೊಂಡೇ, ಪರದೆಯಿಂದ ಕಣ್ಣು ತೆಗೆಯದೆ ಹೇಳಿದ್ದರು.

ಆರನೆಯ ಭಾನುವಾರ ಅವರಿಗೆ ಒಂದು ಅನ್ನಪ್ರಾಶನದ ಊಟದ ಆರ್ಡರ್ ಇತ್ತು. ಬೇಗ ಎದ್ದು ಹೋದರು. ಉಳಿದವರೂ ಹೋದ ಮೇಲೆ ನಾನು ಅವರ ಫೈಲು ತೆರೆದೆ. ಏಳು ಲೇಯರ್ ಇದ್ದವು. ತಾಯಿಯ ಮೈ ಒಂದು, ಕೂದಲು ಒಂದು, ಹೂವು ಒಂದು, ಯಾರದೋ ಕೈ ಬಿದ್ದಿದ್ದ ಹೆಗಲನ್ನು ತಿದ್ದಿದ್ದು ಒಂದು, ಹೀಗೆ. ಹೂವಿನ ಅಂಚು ನೋಡಿದೆ. ಅಷ್ಟು ಸ್ವಚ್ಛವಾಗಿ ನಾನು ಜೀವಮಾನದಲ್ಲಿ ಬಿಡಿಸಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಎಲ್ಲಾದರೂ ತಪ್ಪು ಸಿಗುತ್ತದೆಯೇ ಎಂದು ಹುಡುಕಿದೆ. ಕಿವಿಯ ಬಳಿ ಕೂದಲು ಸ್ವಲ್ಪ ಒರಟಾಗಿ ಕಂಡಿತು. ಅಳಿಸುವ ಉಪಕರಣವನ್ನೂ ಬಣ್ಣದ ಕುಂಚವನ್ನೂ ಹಿಡಿದು ತಿದ್ದತೊಡಗಿದೆ. ಅಲ್ಲಿ ತಿದ್ದಿದ್ದಕ್ಕೆ ಇಲ್ಲಿ ಸರಿಹೊಂದಲಿಲ್ಲ, ಇಲ್ಲಿ ತಿದ್ದಿದೆ. ಸ್ಟುಡಿಯೋದಲ್ಲಿ ಕೆಲಸ ಮುಗಿದೊಡನೆ ಎಲ್ಲ ಲೇಯರ್‌ಗಳನ್ನೂ ಒಂದುಮಾಡಿ ಸೇವ್ ಮಾಡಿ ಮುಚ್ಚುವುದು ನನ್ನ ಬೆರಳುಗಳಿಗೆ ಕೂತುಹೋದ ಅಭ್ಯಾಸ. ಹಾಗೆಯೇ ಮಾಡಿದೆ. ಮಾಡಿದ್ದು ಗೊತ್ತಾದದ್ದು ಮುಚ್ಚಿದ ಮೇಲೆ.

ಮತ್ತೆ ತೆರೆದೆ. ಒಂದೇ ಲೇಯರ್. ಕಿವಿಯ ಹಿಂದಿನ ಕೂದಲು ಹೋಗಿ, ಹೂವಿನ ಒಂದು ಬದಿ ಸವೆದು, ಅದರ ಮೇಲೆ ನನ್ನ ಕುಂಚದ ಕಲೆ ಕೂತಿತ್ತು. ಮುಚ್ಚಿದ ಫೈಲಿನಲ್ಲಿ ಹಿಂದಕ್ಕೆ ಹೋಗುವ ದಾರಿಯಿಲ್ಲ. ಮೂಲ ಸ್ಕ್ಯಾನ್ ಬೇರೆ ಇತ್ತು, ಆದರೆ ಆರು ವಾರದ ಕೆಲಸ ಹೋಗಿತ್ತು. ನಾನು ಕಂಪ್ಯೂಟರ್ ಆರಿಸಿ, ಕೋಣೆಗೆ ಬೀಗ ಹಾಕಿ ಮನೆಗೆ ಹೋದೆ.

ಮುಂದಿನ ಭಾನುವಾರ ವಾರಿಜಕ್ಕ ಫೈಲು ತೆರೆದು, ಮುಚ್ಚಿ, ಮತ್ತೆ ತೆರೆದರು.

"ಮಾಸ್ಟ್ರೆ, ಇದ್ರಲ್ಲಿ ಒಂದೇ ಉಂಟಲ್ಲ."

ನಾನು ಬಗ್ಗಿ ನೋಡಿದವನಂತೆ ಮಾಡಿ, ಸೇವ್ ಮಾಡುವಾಗ ನೀವೇ ಮರ್ಜ್ ಒತ್ತಿರಬೇಕು, ಅವಸರದಲ್ಲಿದ್ದಿರಿ ಎಂದೆ.

"ಇಲ್ಲ, ನಾನು ಎಣಿಸಿದ್ದೇನೆ. ಏಳಿತ್ತು."

"ಎಣಿಸಿದ ಹಾಗೆ ನಿಮಗೆ ಅನಿಸಿರಬೇಕು. ಹೊಸಬರಿಗೆ ಹಾಗೆ ಆಗ್ತದೆ" ಎಂದೆ.

ಪೈಗಳು ಪಕ್ಕದಿಂದ, "ಕಲಸಿಬಿಟ್ರಾ ವಾರಿಜಕ್ಕ?" ಎಂದು ನಕ್ಕರು. ಅವರಿಗೇನು ಗೊತ್ತು. ವಾರಿಜಕ್ಕ ನಗಲಿಲ್ಲ. ತನ್ನ ಬಲಗೈಯನ್ನು ನೋಡಿಕೊಂಡರು. ಆಮೇಲೆ ನನಗೆ, ನಿಮ್ಮ ಇಷ್ಟು ದಿನದ ಶ್ರಮ ಹಾಳುಮಾಡಿದೆ, ತಪ್ಪು ತಿಳಿಯಬೇಡಿ ಎಂದರು. ಇಷ್ಟು ವರ್ಷ ಕಲಿಸಿ ನನಗೆ ಗೊತ್ತಿದ್ದ ಒಂದು ಮಾತೆಂದರೆ, ಕಂಪ್ಯೂಟರ್ ಮುಂದೆ ಕೂತ ಹೊಸಬರು ಏನೇ ಆದರೂ ತಪ್ಪು ತಮ್ಮದೇ ಎಂದು ನಂಬುತ್ತಾರೆ. ಅದನ್ನು ಬಳಸಿಕೊಂಡೆ.

ಅದರ ಮರುವಾರ ಅವರು ಬರಲಿಲ್ಲ. ಮೂರು ಭಾನುವಾರ ಬರಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಹಗುರವೆನಿಸಿತು.

ನಾಲ್ಕನೆಯ ವಾರ ಲೇಕ್ ಮಾರ್ಕೆಟ್‌ನಲ್ಲಿ ಬಾಳೆಲೆ ಕೊಳ್ಳುತ್ತಿದ್ದ ಅವರ ಸೊಸೆ ನಿವೇದಿತಾ ಸಿಕ್ಕಳು. ಕನ್ನಡದವಳೇ, ಆದರೆ ಹುಟ್ಟಿ ಬೆಳೆದದ್ದು ಇಲ್ಲಿ. ಅತ್ತೆ ಹೇಗಿದ್ದಾರೆ ಎಂದೆ.

"ಅಂಕಲ್, ಅತ್ತೆ ಠೀಕ್ ಇಲ್ಲ. ಗ್ಯಾಸ್ ಬಂದ್ ಮಾಡಿ ಮತ್ತೆ ನಾಲ್ಕು ಸಲ ಚೆಕ್ ಮಾಡ್ತಾರೆ. ಸಾರಿಗೆ ಉಪ್ಪು ಹಾಕಿದ್ದು ನೀನು ನೋಡಿದ್ಯಾ ಅಂತ ನನ್ನ ಹತ್ರ ಕೇಳ್ತಾರೆ. ಅಜ್ಜಿಗೆ ಆಗಿತ್ತಲ್ಲ, ಅದು ನನಗೂ ಶುರು ಆಯ್ತು ಅಂತ ಅಳ್ತಾರೆ. ಬುಧವಾರ ಮೆಮೊರಿ ಟೆಸ್ಟ್ ಇದೆ."

ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಕೇಳಬೇಕಾಗಿರಲಿಲ್ಲ. ಕ್ಲಾಸಿನಲ್ಲಿ ಏನೋ ಡಿಲೀಟ್ ಆಯಿತಂತೆ, ಅದನ್ನು ತಾನು ಎಣಿಸಿದ್ದು ಅವರಿಗೆ ಚೆನ್ನಾಗಿ ನೆನಪಿದೆಯಂತೆ, ಆದರೆ ಎಣಿಸಿಯೇ ಇರಲಿಲ್ಲವಂತೆ. ಅಲ್ಲಿಂದ ಎಂದಳು. ಅವರ ಮಾತನ್ನು ಮನೆಯವರೂ ಒಂದಕ್ಕೆರಡು ಸಲ ಪರೀಕ್ಷಿಸಿಯೇ ನಂಬುತ್ತಿದ್ದರಂತೆ.

ಮರುದಿನ ಮಂಗಳವಾರ. ಬೆಳಿಗ್ಗೆ ಮೆಟ್ರೋ ಹಿಡಿದು ದಕ್ಷಿಣೇಶ್ವರಕ್ಕೆ ಹೋದೆ. ವಾರಿಜಕ್ಕ ಕೆಳಗಿನ ಅಡುಗೆಕೋಣೆಯಲ್ಲಿ ಒಂದು ರಾಶಿ ತೊಂಡೆಕಾಯಿ ಹಾಕಿಕೊಂಡು ಹೆಚ್ಚುತ್ತಿದ್ದರು. ಕೂರಲು ಹೇಳಿದರು. ನಾನು ನಿಂತೇ ಹೇಳಿದೆ.

"ಆ ಫೈಲು ಹಾಳು ಮಾಡಿದ್ದು ನಾನು ವಾರಿಜಕ್ಕ. ನೀವು ಹೋದ ಮೇಲೆ ತೆರೆದೆ. ಎಲ್ಲ ಒಂದು ಮಾಡಿ ಸೇವ್ ಮಾಡಿದೆ. ಆಮೇಲೆ ನಿಮ್ಮ ಮೇಲೆ ಹಾಕಿದೆ."

ಅವರು ಹೆಚ್ಚುವುದನ್ನು ನಿಲ್ಲಿಸಿದರು. "ನಾನು ಮುಚ್ಚಿ ಹೋಗುವಾಗ ಏಳಿತ್ತಾ?"

"ಏಳಿತ್ತು."

"ನೀವು ಕಣ್ಣಾರೆ ನೋಡಿದ್ದೀರಾ?"

"ನೋಡಿದ್ದೇನೆ. ನೀವು ಹೇಳಿದ್ದು ಸರಿ ಇತ್ತು."

ಅವರು ಕೈ ಒರೆಸಿಕೊಂಡು ಎದ್ದು, ಮಗನನ್ನೂ ಸೊಸೆಯನ್ನೂ ಕರೆದರು. "ಈಗ ಹೇಳಿದ್ದನ್ನು ಇವರ ಎದುರು ಇನ್ನೊಮ್ಮೆ ಹೇಳಿ. ನಾನು ಹೇಳಿದ್ರೆ ನಂಬುವವರು ಈ ಮನೆಯಲ್ಲಿ ಯಾರೂ ಇಲ್ಲ ಈಗ" ಎಂದರು. ನಾನು ಮೊದಲಿನಿಂದ ಹೇಳಿದೆ. ಮಗ, ನಿಮ್ಮ ವಯಸ್ಸು ನೋಡಿ ಸುಮ್ಮನಿದ್ದೇನೆ ಎಂದ. ನಿವೇದಿತಾ ಅತ್ತೆಯ ತೋಳು ಹಿಡಿದುಕೊಂಡಳು.

"ಎಂತಕ್ಕೆ ಹಾಗೆ ಹೇಳಿದ್ರಿ ಮಾಸ್ಟ್ರೆ?" ವಾರಿಜಕ್ಕನ ದನಿ ಏರಿರಲಿಲ್ಲ.

"ನಿಮ್ಮ ಕೆಲಸ ನನ್ನದಕ್ಕಿಂತ ಒಳ್ಳೆದಿತ್ತು. ಅದನ್ನು ಹಾಳು ಮಾಡಿದೆ ಅಂತ ಹೇಳ್ಲಿಕ್ಕೆ ನಾಚಿಕೆ ಆಯ್ತು."

"ನಾಚಿಕೆ ನಿಮಗೆ. ಹೆದರಿ ಸತ್ತದ್ದು ನಾನು."

ಅವರು ಮತ್ತೆ ತೊಂಡೆಕಾಯಿಯ ಮುಂದೆ ಕೂತರು. ನಿವೇದಿತಾ ಕಾಫಿ ತಂದುಕೊಟ್ಟಳು. ಬೇಡ ಎನ್ನುವ ಧೈರ್ಯವೂ ಆಗದೆ ಕುಡಿದೆ. ಹೊರಡುವಾಗ, ನಾಳೆಯ ಡಾಕ್ಟರ್ ಭೇಟಿ ಇನ್ನು ಬೇಡವಲ್ಲ ಎಂದೆ. ಹೋಗಿಯೇ ಬರುತ್ತೇನೆ, ಒಮ್ಮೆ ತಲೆಗೆ ಹೊಕ್ಕದ್ದು ನಿಮ್ಮ ಒಂದು ಮಾತಿಗೆ ಹೊರಗೆ ಹೋಗುವುದಿಲ್ಲ ಎಂದರು. ಹೋಗಿ ಬಂದರು. ಡಾಕ್ಟರು ಏನೂ ಇಲ್ಲ ಎಂದರಂತೆ.

ತಾಯಿಯ ವರ್ಷಾಂತಿಕ ಅಷ್ಟರಲ್ಲಿ ಪಟವಿಲ್ಲದೆ ಕಳೆದುಹೋಗಿತ್ತು. ಒಂದು ತಿಂಗಳ ನಂತರ ವಾರಿಜಕ್ಕ ಕ್ಲಾಸಿಗೆ ಬಂದರು. ನಾನು ಇಡೀ ಪಟ ಮಾಡಿಕೊಡುತ್ತೇನೆಂದು ಕೇಳಿಕೊಂಡೆ. "ಬಾಯಲ್ಲಿ ಹೇಳಿ ಸಾಕು. ಮೌಸ್ ಮುಟ್ಟಬೇಡಿ" ಎಂದರು. ಮೊದಲಿನಿಂದ ಒಂದೊಂದೇ ಚುಕ್ಕೆ ಇಟ್ಟು ಏಳು ವಾರದಲ್ಲಿ ಮುಗಿಸಿದರು. ಪಟ ಈಗ ಅವರ ಮನೆಯಲ್ಲಿದೆ ಎಂದು ಕೇಳಿದ್ದೇನೆ. ನಾನು ನೋಡಿಲ್ಲ, ಅವರು ಕರೆದಿಲ್ಲ.

ಅವರು ಈಗಲೂ ಬರುತ್ತಾರೆ, ಕೇಟರಿಂಗಿನ ಕಾರ್ಡುಗಳನ್ನು ತಾವೇ ಮಾಡಿಕೊಳ್ಳುತ್ತಾರೆ. ನನ್ನನ್ನು ಮಾಸ್ಟ್ರೆ ಎಂದೇ ಕರೆಯುತ್ತಾರೆ, ಗೊತ್ತಿಲ್ಲದ್ದನ್ನು ಕೇಳುತ್ತಾರೆ. ಡಾಕ್ಟರು ಹೇಳಿದ ಮೇಲೂ, ನಾನು ಒಪ್ಪಿಕೊಂಡ ಮೇಲೂ, ಅವರಿಂದ ಒಂದು ಅಭ್ಯಾಸ ಹೋಗಿಲ್ಲ. ಕಾರ್ಡಿನ ಫೈಲು ಮುಚ್ಚುವ ಮೊದಲು ಲೇಯರ್‌ಗಳನ್ನು ಬೆರಳಿಟ್ಟು ಗಟ್ಟಿಯಾಗಿ ಎಣಿಸುತ್ತಾರೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಅವರು ನನ್ನನ್ನು ದಾಟಿ ಆಚೆ ಬದಿಗೆ ತಿರುಗಿ, "ಪೈಗಳೆ, ಐದು ಉಂಟಲ್ಲ? ನೀವೊಮ್ಮೆ ನೋಡಿ" ಎನ್ನುತ್ತಾರೆ. ಪೈಗಳಿಗೆ ಕಾರಣ ಗೊತ್ತಿಲ್ಲ. ಎದ್ದು ಬಂದು, ಕನ್ನಡಕ ಸರಿಮಾಡಿಕೊಂಡು, "ಐದು ಉಂಟು, ಹೌದು" ಎನ್ನುತ್ತಾರೆ.