ಬಸ್ಸಕ್ಕನ ಸಾಕ್ಷಿ

ಬಸ್ಸಕ್ಕ ಅನ್ನುವುದು ಡಿಪೋದವರು ಇಟ್ಟ ಹೆಸರು. ಅಷ್ಟು ಗಂಡಸರ ನಡುವೆ ಸ್ಟೇರಿಂಗ್ ಹಿಡಿದ ಹೆಂಗಸು ಅವಳೊಬ್ಬಳೇ. ಬಾಗಿಲಲ್ಲಿ ನೇತಾಡುವವರನ್ನು ಕನ್ನಡಿಯಲ್ಲೇ ದುರುಗುಟ್ಟಿ ಒಳಗೆ ಸರಿಸುವವಳು. ಮೂಗಿನ ತುದಿಯಲ್ಲೇ ಕೋಪ, ಆದರೆ ಡ್ಯೂಟಿ ಮುಗಿಯುವಷ್ಟರಲ್ಲಿ ಎಲ್ಲ ಮರೆತಿರುತ್ತಿದ್ದಳು. ಒಬ್ಬನ ಮೇಲಿನ ಸಿಟ್ಟು ಮಾತ್ರ ಬೇರೆ. ಅದನ್ನು ಹೆತ್ತ ಮಗುವಿನಂತೆ ಸಾಕಿಕೊಂಡು ಬಂದಿದ್ದಳು.

ಅವಳ ಅಪ್ಪ ಬಾಯ್ಲರ್ ಕಾರ್ಖಾನೆಯಲ್ಲಿ ಸುತ್ತಿಗೆ ಹಿಡಿದವನು. ಕಬ್ಬಿಣದ ಹೊಟ್ಟೆಯೊಳಗೆ ಕೂತು ಬಡಿದು ಬಡಿದು ಎರಡೂ ಕಿವಿ ಕಳೆದುಕೊಂಡಿದ್ದ. ಮುಖಕ್ಕೆ ಮುಖ ಕೊಟ್ಟು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಊರಾಚೆ ಅಣು ವಿದ್ಯುತ್ ಸ್ಥಾವರ ಬರುತ್ತದೆ ಅಂತಾದಾಗ, ಲೈಸೆನ್ಸ್ ಕೊಡುವ ಮುಂಚೆ ಪುರಭವನದಲ್ಲಿ ಜನರ ಅಹವಾಲು ಕೇಳುವ ಸಭೆ ಇಟ್ಟರು. ಏನಾದರೂ ಅನಾಹುತವಾದರೆ ಸೈರನ್ ಕೂಗುತ್ತದೆ, ಆಗ ಊರು ಖಾಲಿ ಮಾಡಬೇಕು ಎಂದು ತುರ್ತು ಯೋಜನೆಯ ಸಾಹೇಬ ವಿವರಿಸಿದ. ಆಗಿನ್ನೂ ಹುಡುಗ ವಯಸ್ಸು, ಇಸ್ತ್ರಿ ಮುರಿಯದ ಅಂಗಿ.

ಅಪ್ಪ ಎದ್ದು ನಿಂತ. ಮಗಳು ಪಕ್ಕದಲ್ಲಿದ್ದಳು. ತನ್ನ ದನಿ ತನಗೇ ಕೇಳದವನು, ಇದ್ದಷ್ಟೂ ಗಂಟಲಲ್ಲಿ ಕೇಳಿದ: "ಸ್ವಾಮಿ, ನನಗೆ ಕಿವಿ ಕೇಳಲ್ಲ. ಕಾರ್ಖಾನೆಯಿಂದ ಬಂದ ನನ್ನಂಥವರು ಇಲ್ಲಿ ಸುಮಾರು ಜನ ಇದ್ದೀವಿ. ಸೈರನ್ ಕೂಗಿದ್ದು ನಮಗೆ ಹೇಗೆ ಗೊತ್ತಾಗಬೇಕು?"

ಸಾಹೇಬ ಮೈಕಿಗೆ ಬಗ್ಗಿ, ಜನರ ಕಡೆ ಕಣ್ಣು ಮಿಟುಕಿಸಿ ಅಂದ: "ಯಜಮಾನರೇ, ಊರೆಲ್ಲ ಓಡೋದು ಕಂಡರೆ ನೀವೂ ಹಿಂದೆ ಓಡಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಮೈಕು ಸಾಹೇಬನ ಬಾಯಿಗೆ ಅಡ್ಡ ಇತ್ತು, ಅಪ್ಪನಿಗೆ ತುಟಿ ಕಾಣಲಿಲ್ಲ. ಸುತ್ತ ಎಲ್ಲರ ಮುಖ ಅರಳಿದ್ದು ನೋಡಿ, ಏನೋ ಒಳ್ಳೆಯದೇ ಹೇಳಿರಬೇಕು ಅಂದುಕೊಂಡು ತಾನೂ ನಕ್ಕ. "ದೊಡ್ಡ ಉಪಕಾರ ಆಯ್ತು" ಅಂದು ಕೂತ. ಅದಕ್ಕೆ ಇನ್ನೊಂದು ಸಲ ನಕ್ಕರು.

ದಾರಿಯಲ್ಲಿ ಕೇಳಿದ: "ಏನಂದ್ರು ಮಗಾ?"

"ಸೈರನ್ ಕೂಗಿದಾಗ ಮಿಣುಕೋ ದೀಪ ಮನೆಮನೆಗೆ ಬಂದು ಹಾಕಿಕೊಡ್ತಾರಂತೆ ಅಪ್ಪ" ಅಂದಳು. ಬೇರೇನು ಹೇಳಿಯಾಳು?

ಅಪ್ಪ ಕಾದ. ಬೀದಿಯಲ್ಲಿ ಯಾರಾದರೂ ಏಣಿ ಹೊತ್ತು ಹೋದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಕಡೆಗೆ ಒಂದು ದಿನ ಕ್ಷೌರದಂಗಡಿಯಲ್ಲಿ ಹಳೇ ಜೊತೆಗಾರನೊಬ್ಬ ಸಾಹೇಬನ ಮಾತನ್ನು ಕನ್ನಡಿಯ ಮುಂದೆ ಅಭಿನಯಿಸಿ ತೋರಿಸಿದ. ಕನ್ನಡಿಯಲ್ಲಿ ತುಟಿ ಚೆನ್ನಾಗಿಯೇ ಕಂಡಿತು. ಅರ್ಧ ಬೋಳಿಸಿದ ಗಡ್ಡದಲ್ಲೇ ಅಪ್ಪ ಎದ್ದು ಮನೆಗೆ ಬಂದ.

"ಅವತ್ತು ನೀನೂ ನಕ್ಕೆಯಾ?" ಅಂತ ಮಗಳನ್ನು ಕೇಳಿದ.

"ಇಲ್ಲ ಅಪ್ಪ, ನಿನ್ನಾಣೆ ಇಲ್ಲ" ಅಂದಳು. ಆದರೆ ಅವನು ಆಗಲೇ ಗೋಡೆಗೆ ಮುಖ ತಿರುಗಿಸಿದ್ದ. ತುಟಿ ಕಾಣದವನಿಗೆ ಎಷ್ಟು ಆಣೆ ಇಟ್ಟರೇನು? ಆಮೇಲೆ ಅವನು ಹೊಸ್ತಿಲು ದಾಟಿದ್ದು ಹೆಣವಾಗಿಯೇ. ಅವನ ತಲೆಯ ಬಳಿ ಕೂತು ಮಗಳು ಅಳಲಿಲ್ಲ, ಹಲ್ಲು ಕಚ್ಚಿದಳು. ಆ ಸಾಹೇಬನನ್ನು ನೋಡಿ ಅದೇ ಸಭೆಯಲ್ಲಿ ಅದೇ ಜನ ನಗುವಂತೆ ಮಾಡಿಯೇ ಮಾಡುತ್ತೇನೆ ಅಂದುಕೊಂಡಳು.

ಕಾಲ ಉರುಳಿತು. ಸ್ಥಾವರದ ಲೈಸೆನ್ಸ್ ಅವಧಿ ಮುಗಿದು, ಹೊಸದಾಗಿ ಕೊಡಬೇಕೋ ಬೇಡವೋ ಎಂದು ಮತ್ತೆ ಸಭೆ ಬಂತು. ಸಾಹೇಬ ಈಗ ತುರ್ತು ಯೋಜನೆಗೆಲ್ಲ ಮುಖ್ಯಸ್ಥ. ತಲೆಗೂದಲು ಹೋಗಿ ಹೊಟ್ಟೆ ಬಂದಿತ್ತು. ಸೈರನ್ ಕೂಗಿದ ಕೂಡಲೇ ಊರಿನ ಬಸ್ಸುಗಳೆಲ್ಲ ಶಾಲೆಗೆ, ಆಸ್ಪತ್ರೆಗೆ, ವೃದ್ಧಾಶ್ರಮಕ್ಕೆ ಹೋಗಿ ಜನರನ್ನು ಸಾಗಿಸುತ್ತವೆ ಅನ್ನುವುದೇ ಅವನ ಯೋಜನೆಯ ಬೆನ್ನೆಲುಬು. ವಿರೋಧಿಗಳ ವಕೀಲೆ ಅಲ್ಲಿಗೇ ಕೈ ಹಾಕಿದ್ದಳು: ಹೆಂಡತಿ ಮಕ್ಕಳನ್ನು ಬಿಟ್ಟು ಡ್ರೈವರುಗಳು ಬಂದೇ ಬರುತ್ತಾರೆ ಅನ್ನುವುದಕ್ಕೆ ಏನು ಖಾತರಿ? ಸಾಹೇಬನಿಗೆ ನಂಬಿಕಸ್ಥ ಡ್ರೈವರೊಬ್ಬ ಸಾಕ್ಷಿಗೆ ಬೇಕಾಗಿತ್ತು. ಡಿಪೋ ಮ್ಯಾನೇಜರ್ ಹಿಂದೆ ಮುಂದೆ ನೋಡದೆ ಬಸ್ಸಕ್ಕನನ್ನು ತೋರಿಸಿದ.

ಮ್ಯಾನೇಜರ್ ಕೋಣೆಯಲ್ಲಿ ಕಂಡ ಕೂಡಲೇ ಅವಳು ಸಾಹೇಬನನ್ನು ಗುರುತಿಸಿದಳು. ಅವನಿಗೆ ಇವಳ ಗುರುತು ಹತ್ತಲಿಲ್ಲ.

"ನೀವು ಬರ್ತೀರಿ ತಾನೇ, ಸೈರನ್ ಕೂಗಿದರೆ?"

"ಅಯ್ಯೋ, ಬರದೆ ಇರ್ತೀನಾ ಸಾರ್! ಡ್ಯೂಟಿ ಅಂದರೆ ಡ್ಯೂಟಿ." ದನಿಯಲ್ಲಿ ಬೆಣ್ಣೆ.

ಸಾಹೇಬ ಹಿಗ್ಗಿ ಹೀರೇಕಾಯಿಯಾದ. ಏನು ಕೇಳುತ್ತಾರೆ, ಏನು ಹೇಳಬೇಕು ಎಂದು ಕೂರಿಸಿಕೊಂಡು ಪಾಠ ಹೇಳಿಕೊಟ್ಟ. ಅವಳು ಗಿಣಿಯಂತೆ ಒಪ್ಪಿಸಿದಳು.

ವಾಸನೆ ಹಿಡಿದವನು ತಮ್ಮ ಒಬ್ಬನೇ. ಅವನು ಸ್ಥಾವರದಲ್ಲೇ ನೀರಿನ ಪಂಪು ನೋಡಿಕೊಳ್ಳುವ ಕೆಲಸದಲ್ಲಿದ್ದ. ಅಂಗಿ ಕೂಡ ಬದಲಿಸದೆ ಓಡಿಬಂದ.

"ಅಕ್ಕಾ, ನೀನು ಅವನ ಪರ ಸಾಕ್ಷಿ ಹೇಳ್ತೀಯ ಅಂದರೆ ಯಾರು ನಂಬಿದರೂ ನಾನು ನಂಬಲ್ಲ. ಏನು ಹುನ್ನಾರ ನಿಂದು?"

ಅವಳು ಪಾತ್ರೆ ಉಜ್ಜುತ್ತಲೇ ಇದ್ದಳು.

"ಸ್ಥಾವರ ನಿಂತರೆ ನನ್ನ ಗತಿ? ನಿನ್ನ ಹಠಕ್ಕೆ ನನ್ನ ಮಕ್ಕಳ ಹೊಟ್ಟೆ ಮೇಲೆ ಹೊಡೀತೀಯಾ?"

"ಅಪ್ಪ ನಿನಗೂ ಅಪ್ಪನೇ."

"ಸತ್ತವನಿಗೆ ಈಗೇನು ಕೇಳುತ್ತೆ ಅಕ್ಕಾ?"

"ಬದುಕಿದ್ದಾಗಲೂ ಕೇಳ್ತಿರಲಿಲ್ಲ" ಅಂದಳು. "ಅದಕ್ಕೇ ಅಲ್ಲವಾ ನಕ್ಕಿದ್ದು."

ಮಂಡಿನೋವಿನ ಅಮ್ಮ ಮಂಚದಿಂದ ಇಬ್ಬರನ್ನೂ ನೋಡುತ್ತಿದ್ದಳು. ತಮ್ಮ ಕಾಫಿ ಮುಟ್ಟದೆ ಹೊರಟುಹೋದ.

ಸಭೆಯ ದಿನ ಪುರಭವನ ಕಿಕ್ಕಿರಿದಿತ್ತು. ವಕೀಲೆ ಕೇಳಿದಳು: "ಸೈರನ್ ಕೂಗಿತು ಅಂತಿಟ್ಟುಕೊಳ್ಳಿ. ನೀವೇನು ಮಾಡ್ತೀರಿ?"

"ಸಾಹೇಬರು ಕಲಿಸಿದ್ದು ಹೇಳಲಾ, ನಾನು ಮಾಡೋದು ಹೇಳಲಾ?"

ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಗು. ಸಾಹೇಬ ಕೊರಳಪಟ್ಟಿ ಸಡಿಲಿಸಿದ.

"ನನ್ನ ಅಮ್ಮನಿಗೆ ಮೆಟ್ಟಿಲು ಇಳಿಯೋಕಾಗಲ್ಲ. ಮೊದಲು ಅವಳನ್ನು ಹೊತ್ತು ಬಸ್ಸಿಗೆ ಹಾಕಿಕೊಂಡು ಹೋಗ್ತೀನಿ. ವಾಪಸ್ ಬರಲ್ಲ. ಬರ್ತೀರಾ ಅಂತ ನಮ್ಮ ಡಿಪೋದಲ್ಲಿ ಇವರು ಬೇರೆ ಯಾರನ್ನೂ ಕೇಳಿಲ್ಲ. ಬೇಕಾದರೆ ಡ್ರೈವರುಗಳು ಅಲ್ಲೇ ಕೂತಿದ್ದಾರೆ, ಕೇಳಿ."

ಸಾಹೇಬ ಎದ್ದೇಬಿಟ್ಟ. "ಇದೇನಮ್ಮಾ ಇದು? ಬರ್ತೀನಿ ಅಂತ ನನ್ನೆದುರೇ ಹೇಳಿದ್ದಿರಲ್ಲ!"

ಇಷ್ಟು ವರ್ಷ ಕಾದ ಗಳಿಗೆ. ಅವಳು ಮೈಕನ್ನು ಬಾಯಿಂದ ಪಕ್ಕಕ್ಕೆ ಸರಿಸಿದಳು. "ನೀವೇ ತಾನೇ ಸಾರ್ ಇಲ್ಲೇ ನಿಂತು ಹೇಳಿದ್ದು? ಊರೆಲ್ಲ ಓಡೋದು ಕಂಡರೆ ನೀವೂ ಹಿಂದೆ ಓಡಿ ಅಂತ!"

ಹಳಬರಿಗೆ ಥಟ್ಟನೆ ನೆನಪಾಯಿತು. ನಗು ಗೋಡೆಯಿಂದ ಗೋಡೆಗೆ ಅಪ್ಪಳಿಸಿತು. ಸಾಹೇಬನಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ, ಅತ್ತಿತ್ತ ನೋಡುತ್ತ ತಾನೂ ಹಲ್ಲು ಕಿರಿದ. ಅವನ ಆ ಪೆದ್ದು ನಗೆಯನ್ನು ಅವಳು ಕಣ್ತುಂಬ ನೋಡಿದಳು. ಆಮೇಲೆ ಡ್ರೈವರುಗಳು ಒಬ್ಬೊಬ್ಬರಾಗಿ ಎದ್ದು, ತಮ್ಮದೂ ಅದೇ ಮಾತು ಎಂದರು.

ಲೈಸೆನ್ಸ್ ತಡೆಹಿಡಿದರು. ಯೋಜನೆಯನ್ನು ಮೊದಲಿಂದ ಮಾಡಿಕೊಂಡು ಬನ್ನಿ ಎಂದು ಆಜ್ಞೆಯಾಯಿತು. ಸ್ಥಾವರ ನಿಂತಿತು, ಸಾಹೇಬನನ್ನು ಉಗ್ರಾಣದ ಮೂಲೆಯೊಂದಕ್ಕೆ ದಬ್ಬಿದರು. ಅವನು ಒಂದು ಸಂಜೆ ಅವಳ ಬಸ್ಸು ಹತ್ತಿ, ಡ್ರೈವರ್ ಸೀಟಿನ ಪಕ್ಕದ ಕಂಬಿ ಹಿಡಿದು ನಿಂತ.

"ನಾನು ನಿಮಗೆ ಏನು ಮಾಡಿದ್ದೆ?"

ಅವಳು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಎಲ್ಲ ಹೇಳಿದಳು.

"ನಾನು ಹಾಗಂದಿದ್ದೆನಾ? ಖಂಡಿತ ನೆನಪಿಲ್ಲಮ್ಮ. ಅಂದಿದ್ದರೆ ತಪ್ಪಾಯ್ತು."

ಅವಳ ಮೈಯೆಲ್ಲ ಉರಿದುಹೋಯಿತು. ಅಪ್ಪನ ಜೀವ ತಿಂದ ಮಾತು ಇವನಿಗೆ ನೆನಪೂ ಇಲ್ಲ! ಅವನು ಇಳಿಯಬೇಕಾದ ನಿಲ್ದಾಣ ಬಂತು; ಅವಳು ಬ್ರೇಕ್ ಒತ್ತಲಿಲ್ಲ. ಅಪ್ಪನ ಅರ್ಧ ಗಡ್ಡ, ಏಣಿ ಕಂಡರೆ ಬಾಗಿಲಿಗೆ ಬರುತ್ತಿದ್ದುದು, ಗೋಡೆಗೆ ತಿರುಗಿದ ಮುಖ, ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಮುಗಿದ ಮೇಲೆ ಮತ್ತೆ ಮೊದಲಿಂದ ಹೇಳಿದಳು. ಕಡೇ ನಿಲ್ದಾಣದ ಬಯಲಿನಲ್ಲಿ ಬಾಗಿಲು ತೆರೆದಳು.

"ಇಳೀರಿ."

"ವಾಪಸ್ ಬಸ್ಸು?"

"ಇಲ್ಲ. ನೆನಪು ಮಾಡಿಕೊಳ್ತಾ ನಡೀರಿ."

ಹೊಸ ಯೋಜನೆಯಲ್ಲಿ ಕಿವಿ ಕೇಳದವರ ಮನೆಗಳಿಗೆ ಮಿಣುಕುವ ಕೆಂಪು ದೀಪ ಹಾಕಿಸಿದರು. ಸ್ಥಾವರ ಮತ್ತೆ ಶುರುವಾಯಿತು, ತಮ್ಮನನ್ನೂ ಮರಳಿ ಕರೆದರು. ಆದರೆ ಕೆಲಸವಿಲ್ಲದ ಆ ದಿನಗಳಲ್ಲಿ ಅವನ ಮನೆ ಕಂಡ ಪಾಡು ಅವಳಿಗೆ ಗೊತ್ತಿತ್ತು. ಅವನು ಇವಳ ಬಸ್ಸು ಹತ್ತುವುದನ್ನು ಬಿಟ್ಟ. ಬೆಳಗ್ಗೆ ಅವನ ನಿಲ್ದಾಣದಲ್ಲಿ ಇವಳು ನಿಧಾನಿಸಿದರೆ, ಅವನು ಪೇಪರ್ ಅಂಗಡಿಯ ಕಡೆ ತಿರುಗಿ ನಿಲ್ಲುತ್ತಾನೆ. ಅವಳು ಬಸ್ಸನ್ನು ಮುಂದಕ್ಕೆ ಬಿಡುತ್ತಾಳೆ. ಗೇರ್ ಬದಲಿಸುತ್ತಾ, ಆ ಸಂಕಟವನ್ನೂ ಸಾಹೇಬನ ತಲೆಗೇ ಕಟ್ಟುತ್ತಾಳೆ.