ಗ್ಲೆನಿಸ್ ಬದಲಿಸಿ ಓದಿದ ಪುಟಗಳು

ಆಸ್ಟ್ರೇಲಿಯಾದ ಕಡಲೂರು ವಾಲರೂದಲ್ಲಿ ಬಹುಕಾಲ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಗ್ಲೆನಿಸ್ ಟ್ರೆಜೈಸ್‌ಗೆ ಓದುವ ಹುಚ್ಚೇನೂ ಇರಲಿಲ್ಲ. ಅದಿದ್ದದ್ದು ಅವಳ ಅಕ್ಕ ಮರ್ಲ್‌ಗೆ. ಮರ್ಲ್‌ಳ ಕಣ್ಣು ಮಂಜಾಗಿ ಅಕ್ಷರ ಕಾಣದಂತಾದ ಮೇಲೆ, ದಿನವೂ ಚಹಾ ಮುಗಿಸಿ ಅವಳಿಗೆ ಓದಿ ಹೇಳುವ ಕೆಲಸ ತಂಗಿಯ ಪಾಲಿಗೆ ಬಂತು.

ಆ ಚಳಿಗಾಲದಲ್ಲಿ ಮರ್ಲ್ ಲೈಬ್ರರಿಯಿಂದ ತರಿಸಿಕೊಂಡದ್ದು ಮೀನುಗಾರರ ಕುಟುಂಬವೊಂದರ ದಪ್ಪ ಕಾದಂಬರಿ. ಮೊದಲು ತಂದೆ ಮುಳುಗಿದ. ಆಮೇಲೆ ಮನೆಗೆ ಬೆಂಕಿ ಬಿತ್ತು. ಒಂದು ಪುಟದಲ್ಲೂ ಯಾರೂ ನಗಲಿಲ್ಲ. ಗ್ಲೆನಿಸ್‌ಗೆ ಊಟ ರುಚಿಸದಾಯಿತು. ಒಲೆಯಲ್ಲಿಟ್ಟ ಪ್ಯಾಸ್ಟಿ ಕಡುಬು ಕರಕಲಾದರೂ ವಾಸನೆ ಹತ್ತಲಿಲ್ಲ. ಕಥೆಯ ಪುಟ್ಟ ಹುಡುಗಿ ಈಡಾಗೆ ಜ್ವರ ಬಂದಾಗ ಗ್ಲೆನಿಸ್ ಓದು ನಿಧಾನ ಮಾಡಿದಳು. ಕಣ್ಣು ಮುಂದಿನ ಸಾಲಿಗೆ ಹಾರಿ, ಮಗು ಸತ್ತದ್ದನ್ನು ಕಂಡಿತು. ಬಾಯಿ ಮಾತ್ರ, "ಬೆಳಗಾಗುವಷ್ಟರಲ್ಲಿ ಜ್ವರ ಇಳಿದಿತ್ತು" ಎಂದು ಓದಿತು.

ಅಲ್ಲಿಂದ ಶುರುವಾಯಿತು ಫಜೀತಿ. ಪುಸ್ತಕದಲ್ಲಿ ತಾಯಿ ಸಮಾಧಿಗೆ ಹೋದರೆ ಗ್ಲೆನಿಸ್ ಅವಳನ್ನು ಸಂತೆಗೆ ಕಳಿಸಬೇಕಿತ್ತು. ತಾಯಿ ಅತ್ತರೆ, ಅವಳು ಈರುಳ್ಳಿ ಹೆಚ್ಚುತ್ತಿದ್ದಾಳೆ ಎನ್ನಬೇಕಿತ್ತು. ಅಕ್ಕ ಹೆಣಿಗೆ ನಿಲ್ಲಿಸಿದರೆ ಸಾಕು, ತಂಗಿ ಗಬಕ್ಕನೆ ಪುಟ ತಿರುವುತ್ತಿದ್ದಳು.

ಗುರುವಾರ ಲೈಬ್ರರಿಯ ಡಲ್ಸಿ ಹೊಸ ಪುಸ್ತಕಗಳೊಂದಿಗೆ ಬಂದಳು. ಬಾಗಿಲಲ್ಲೇ ನಿಂತು, ಆ ಹುಡುಗಿ ಸತ್ತ ಅಧ್ಯಾಯ ಓದಿ ತಾನು ಎರಡು ದಿನ ಮಂಕಾಗಿದ್ದುದನ್ನು ಹೇಳಿಕೊಂಡಳು.

"ಯಾವ ಹುಡುಗಿ?" ಎಂದಳು ಮರ್ಲ್.

ಡಲ್ಸಿ ಇಬ್ಬರ ಮುಖವನ್ನೂ ನೋಡಿ, ಏನೋ ನೆಪ ಹೇಳಿ ಹೊರಟುಹೋದಳು.

"ನಂಗೆ ಅನುಮಾನ ಇತ್ತು ಗ್ಲೆನ್," ಎಂದಳು ಮರ್ಲ್. "ಅವರಮ್ಮ ಅಷ್ಟೊಂದು ಈರುಳ್ಳಿ ಯಾಕೆ ಹೆಚ್ತಾಳೆ ಅಂತ. ನಂಗೆ ಕಣ್ಣು ಹೋಗಿದೆ, ಗುಂಡಿಗೆ ಹೋಗಿಲ್ಲ. ನನ್ನನ್ನ ಮಗು ಮಾಡ್ಬೇಡ."

"ನಿನಗೋಸ್ಕರ ಮಾಡ್ಲಿಲ್ಲ ಕಣೇ, ನನಗೋಸ್ಕರ ಮಾಡ್ದೆ. ಈಡಾ ಅಂದಾಗೆಲ್ಲ ನನ್ನ ಬಸ್ ಹತ್ತುತ್ತಿದ್ದ ಮಕ್ಕಳ ಮುಖಾನೇ ಬರುತ್ತೆ. ಒಂದೂ ಬಿಡದೆ ಎಲ್ಲರನ್ನೂ ಮನೆಗೆ ಮುಟ್ಟಿಸಿದೀನಿ ನಾನು."

ಮರ್ಲ್ ಹೆಣಿಗೆಯನ್ನು ಪಕ್ಕಕ್ಕಿಟ್ಟಳು. "ಅದನ್ನೇ ಹೇಳ್ಬೇಕಿತ್ತು. ಸುಳ್ಳು ಓದಬಾರದಿತ್ತು. ಈಗ ಆ ಪುಟ ತೆಗಿ."

ಗ್ಲೆನಿಸ್ ತೆಗೆದಳು. ಅರ್ಧ ಪುಟಕ್ಕೆ ದನಿ ಒಡೆಯಿತು. ಅಕ್ಕ ತಡಕಾಡಿ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು, ಆದರೆ ಸಾಕು ಎನ್ನಲಿಲ್ಲ. ಅಂತೂ ಮಗು ಸತ್ತಿತು. ಹೆರಿಗೆ ಆಸ್ಪತ್ರೆಯಲ್ಲಿ ಜೀವಮಾನವಿಡೀ ನರ್ಸ್ ಆಗಿದ್ದ ಮರ್ಲ್ ಮೆಲ್ಲಗೆ ಅತ್ತಳು. ಅತ್ತು, ಹಗುರಾದವಳಂತೆ ಕುರ್ಚಿಗೆ ಒರಗಿದಳು. ಗ್ಲೆನಿಸ್‌ಗೆ ಮಾತ್ರ ಎದೆ ಹಗುರಾಗಲಿಲ್ಲ.

"ಇನ್ನು ನನ್ನ ಕೈಲಾಗಲ್ಲ, ಮರ್ಲ್."

ಮರ್ಲ್ ಮುನಿಸಿಕೊಂಡು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ತಾನೇ ಡಲ್ಸಿಗೆ ಫೋನ್ ಮಾಡಿ, ಉಳಿದದ್ದನ್ನು ಓದಿಕೊಡಲು ಕೇಳಿಕೊಂಡಳು. ಡಲ್ಸಿ ಓದುವಷ್ಟು ಹೊತ್ತೂ ಗ್ಲೆನಿಸ್ ಕಡಲಕಟ್ಟೆಯ ಮೇಲೆ ಗಾಳ ಹಿಡಿದು ಕೂರುತ್ತಿದ್ದಳು.

ಪುಸ್ತಕ ಮುಗಿದ ಸಂಜೆ, ಸಿಂಕಿನಲ್ಲಿ ಮೀನು ಉಜ್ಜುತ್ತ, ಹಿಂದಿರುಗಿ ನೋಡದೆಯೇ ಕೇಳಿದಳು: "ಆ ಮಗೂನ ಅಮ್ಮ ಏನಾದ್ಳು?"

"ನಿಜ ಹೇಳ್ಲಾ?"

ಗ್ಲೆನಿಸ್ ನಲ್ಲಿ ನಿಲ್ಲಿಸಿದಳು. "ಹೇಳು. ಆದ್ರೆ ಒಂದೇ ಸಲ ಹೇಳ್ಬಿಡು."