ಜಗತ್ತು ಮುಗಿದ ಮೇಲೆ ನಮ್ಮ ಪುಸ್ತಕದ ಅಂಗಡಿ

ಸಿಂದಗಿಯಿಂದ ಬೈಂಡಿಂಗ್ ಕಾಕಾನ ಫೋನು ಬಂದಾಗ ನಾನು ಮುದ್ದೇಬಿಹಾಳದಲ್ಲಿ, ನಾನು ಕಲಿಸುವ ಶಾಲೆಯ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಕಾಕಾ ನಮ್ಮ ರಕ್ತಸಂಬಂಧಿಯಲ್ಲ. ನಮ್ಮಪ್ಪನ ಪುಸ್ತಕದ ಅಂಗಡಿಯ ಕಟ್ಟೆಯ ಮೇಲೆ ಕೂತು ಮೂವತ್ತು ವರ್ಷ ಹರಿದ ಪುಸ್ತಕ ಹೊಲಿದ ಮುಸಲ್ಮಾನ ಮುದುಕ. ಫೋನಿನ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ, ಹಾಗಾಗಿ ಒದರಿಯೇ ಮಾತಾಡುತ್ತಿದ್ದ.

"ನಿನ್ನ ತಮ್ಮ ನಮ್ಮ ಅಂಗಡೀನ ಕಂಪ್ಯೂಟರದಾಗ ಹಾಕ್ಯಾನವ್ವಾ. ಹುಡುಗುರು ಬಂದೂಕ ಹಿಡಕೊಂಡು ಒಳಗ ಹೊಕ್ಕು ಒಬ್ಬರನ್ನೊಬ್ಬರು ಹೊಡ್ಯಾಕತ್ತಾರ. ನಾ ಕುಂಡ್ರೂ ಕಟ್ಟೀ ಮ್ಯಾಲ ಒಂದು ಹೆಣಾ ಬಿದ್ದೈತಿ."

"ಯಾರ ಹೆಣ?" ಅಂದೆ.

"ಗೊತ್ತಿಲ್ಲವ್ವಾ. ನಂದಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿ ಬಿದ್ದು ಮೂರು ವರ್ಷವಾಗಿತ್ತು. ಬೀಳಿಸಿದವನೇ ಈಗ ಅದನ್ನು ಆಟ ಮಾಡಿ ಊರ ಹುಡುಗರಿಗೆ ಆಡಲಿಕ್ಕೆ ಕೊಟ್ಟಿದ್ದಾನೆ! ನಾಚಿಕೆ ಅನ್ನುವುದು ಮನುಷ್ಯನಿಗೆ ಸ್ವಲ್ಪವಾದರೂ ಬೇಡವೇ? ಎದುರಿಗಿದ್ದ ಉತ್ತರಪತ್ರಿಕೆಯ ಪಾಪದ ಹುಡುಗನಿಗೆ ಆ ಸಿಟ್ಟಿನಲ್ಲಿ ಎರಡು ಅಂಕ ಕಡಿಮೆ ಕೊಟ್ಟೆ. ಆಮೇಲೆ ಅದನ್ನು ಹೊಡೆದುಹಾಕಿ ಸರಿ ಮಾಡಿದೆ.

ಬೀಳಿಸಿದವನು ಅಂತ ಯಾಕೆ ಅಂದೆ ಅನ್ನುವುದನ್ನು ಹೇಳಬೇಕು. ಸಿಂದಗಿಯ ನಮ್ಮ ಅಂಗಡಿ ಅಜ್ಜನ ಕಾಲದ್ದು, ಐದು ಅಂಕಣದ ಮಣ್ಣಿನ ಮಾಳಿಗೆ. ಸಾಗವಾನಿ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಪಂಚಾಂಗ, ಪುರಾಣ, ಅಂಕಲಿಪಿ, ಉರ್ದು ಶಾಲೆಯ ಪುಸ್ತಕ, ಕಾದಂಬರಿ, ಎಲ್ಲವೂ ಅಲ್ಲಿ ಸಿಗುತ್ತಿತ್ತು. ಯಂಕಂಚಿಯಿಂದ ಸಂತೆಗೆ ಬಂದ ರೈತರು ಚೀಲ ಕೆಳಗಿಟ್ಟು ಅರ್ಧ ತಾಸು ನಿಂತು ಓದಿ, ಕೊಳ್ಳದೆ ಹೋಗುತ್ತಿದ್ದರು. ಅಪ್ಪ ಏನೂ ಅನ್ನುತ್ತಿರಲಿಲ್ಲ. ಅವ್ವ ತೀರಿಕೊಂಡ ಮೇಲಂತೂ ಅವನಿಗೆ ಅಂಗಡಿಯೇ ಮನೆಯಾಗಿತ್ತು.

ಮಣ್ಣಿನ ಮಾಳಿಗೆಗೆ ಪ್ರತಿ ಬೇಸಗೆಯಲ್ಲೂ ಮಳೆಗೆ ಮುಂಚೆ ಬಿಳಿ ಸವಳು ಮಣ್ಣು ಹಾಕಬೇಕು. ಇಲ್ಲದಿದ್ದರೆ ಸೋರುತ್ತದೆ. ಹಾಕುವ ಮುಂಚೆ ಹಳೆಯದನ್ನು ಒಂದಿಷ್ಟು ಕೆರೆದು ತೆಗೆಯಬೇಕು ಅನ್ನುವುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಮಾತ್ರ ತೆಗೆಯುತ್ತಿರಲಿಲ್ಲ. "ಹಿರೇರು ಹೊತ್ತು ಹಾಕಿದ ಮಣ್ಣ ಐತಿ. ಕೆರದು ತಿಪ್ಪಿಗೆ ಒಗೀತಾರೇನು?" ಅನ್ನುತ್ತಿದ್ದ ಅಜ್ಜ. ಅಪ್ಪನೂ ಅದನ್ನೇ ಹೇಳುತ್ತಿದ್ದ. ಮಣ್ಣು ಹಾಕಿಸಿದ ಮೇಲೆ ತಾನೇ ಬರಿಗಾಲಲ್ಲಿ ಹತ್ತಿ ಮೂಲೆಮೂಲೆ ತುಳಿದು ನೋಡಿ, ಸಮಾಧಾನವಾದ ಮೇಲೇ ಕೆಳಗಿಳಿಯುತ್ತಿದ್ದ.

ಆ ವರ್ಷ ಮಣ್ಣು ಹಾಕಿಸುವ ಕೆಲಸವನ್ನು ತಮ್ಮನಿಗೆ ವಹಿಸಿ ಅಪ್ಪ ದೇವಣಗಾಂವದ ಒಂದು ಮದುವೆಗೆ ಹೋಗಿದ್ದ. ತಮ್ಮ ಆಗ ಬಿಜಾಪುರದಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದ, ರಜೆಗೆ ಬಂದಿದ್ದ. ಅಪ್ಪ ಮದುವೆಯಿಂದ ತಿರುಗಿ ಬಂದ ನಾಲ್ಕನೆಯ ದಿನ ದೊಡ್ಡ ಮಳೆಯಾಯಿತು. ಬೆಳಗ್ಗೆ ಅಂಗಡಿಯ ಮುಂದಿನ ಮೂರು ಅಂಕಣ ಕೆಳಗೆ ಬಂದಿದ್ದವು. ಸುದ್ದಿ ಕೇಳಿ ನಾನು ಬಂದು ಮುಟ್ಟುವಷ್ಟರಲ್ಲಿ ಬೀದಿಯ ತುಂಬ ಜನ. ಅಪ್ಪ ಕೆಸರಿನಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಮಣ್ಣ ಹಾಕು ಅಂದ್ರ ಹಾಕಲಿಲ್ಲ ಇಂವ. ಕಂಪ್ಯೂಟರ್ ನೋಡಕೋತ ಕುಂತ."

ತಮ್ಮ ಅಪ್ಪನ ಮುಖ ನೋಡಿದ. ಏನೂ ಮಾತಾಡಲಿಲ್ಲ. ತಪ್ಪು ಮಾಡಿದವನು ಇನ್ನೇನು ಮಾತಾಡಿಯಾನು ಅಂದುಕೊಂಡೆ ನಾನು. ಅವತ್ತಿನಿಂದ ಅಪ್ಪ ಅವನ ಜೊತೆ ಮಾತು ಬಿಟ್ಟ. ನಾನು ಬಿಡಲಿಲ್ಲ, ನಾನು ಬೈದೆ. ಇಂಡಿ ಊರಿನ ಸೋದರತ್ತೆಯ ಮನೆಗೆ ಹೋಗಿ ಹೇಳಿದೆ, ಬಸವನ ಬಾಗೇವಾಡಿಯ ಸೋದರಮಾವನ ಮನೆಗೆ ಹೋಗಿ ಹೇಳಿದೆ: ನಾಲ್ಕು ಬುಟ್ಟಿ ಮಣ್ಣು ಹಾಕಿಸಲಿಕ್ಕೆ ಆಗದ ಮೈಗಳ್ಳ, ಅಜ್ಜನ ಅಂಗಡಿ ತಿಂದು ಕೂತ. ಸಾವಿರಾರು ಪುಸ್ತಕ ಮಣ್ಣುಪಾಲಾಗಿದ್ದವು. ಕೈಗೆ ಸಿಕ್ಕ ಒಂದು ಚೀಲ ತೊಯ್ದ ಪುಸ್ತಕಗಳನ್ನು ಮುದ್ದೇಬಿಹಾಳಕ್ಕೆ ತಂದು ಟ್ರಂಕಿನಲ್ಲಿಟ್ಟೆ. ಬಿಚ್ಚಿ ನೋಡುವ ಧೈರ್ಯ ಬರಲಿಲ್ಲ.

ತಮ್ಮ ಸಿಂದಗಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದು, ಎಂಟು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಸೆಂಟರ್ ತೆರೆದ. ಫಲಿತಾಂಶ ನೋಡಲಿಕ್ಕೆ, ಅರ್ಜಿ ತುಂಬಲಿಕ್ಕೆ ಜನ ಬರುತ್ತಿದ್ದರು. ಹೆಚ್ಚಾಗಿ ಕಾಲೇಜಿನ ಹುಡುಗರು ಬಂದು ಗುಂಡು ಹಾರಿಸುವ ಆಟ ಆಡುತ್ತಿದ್ದರು. ಆ ಆಟಕ್ಕೆ ನಾವೇ ಒಂದು ಜಾಗ ಕಟ್ಟಿ ಸೇರಿಸಬಹುದಂತೆ. ಇವನು ಕಟ್ಟಿದ್ದು ನಮ್ಮ ಅಂಗಡಿ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕು ಅಂತ ಬಾಯಿಪಾಠ ಮಾಡಿಕೊಂಡು ಹೋದೆ. ಸೆಂಟರಿನ ಒಳಗೆ ಕಾಲಿಟ್ಟವಳೇ ಶುರು ಮಾಡಿದೆ. "ಲೇ, ಸುಟ್ಟ ಮನಿ ಮುಂದ ಕುಂತು ಮೈ ಕಾಸ್ಕೊಳ್ಳಾಕ ನಿನಗ ಹ್ಯಾಂಗರ ಮನಸ ಬಂತು?" ಹುಡುಗರು ಬಂದೂಕು ಬಿಟ್ಟು ನನ್ನ ಕಡೆ ನೋಡಿದರು. ತಮ್ಮ ಅವರನ್ನೆಲ್ಲ ಚಹಾ ಕುಡಿದು ಬರಲು ಕಳಿಸಿದ. "ಮೊದಲ ನೋಡಕ್ಕಾ. ಆಮ್ಯಾಲ ಬೈಯಿ," ಅಂದ.

ನೋಡಿದೆ. ಜಗತ್ತು ಮುಗಿದುಹೋಗಿದೆಯಂತೆ. ಊರಿನಲ್ಲಿ ಒಂದು ನರಪಿಳ್ಳೆಯಿಲ್ಲ, ಆಕಾಶ ಬೂದಿ ಬಣ್ಣ, ಬೀದಿಯಲ್ಲಿ ಮಗುಚಿ ಬಿದ್ದ ಬಸ್ಸು. ಉಳಿದ ನಾಲ್ಕಾರು ಮಂದಿ ಒಂದು ಪಾಳುಬಿದ್ದ ಪುಸ್ತಕದ ಅಂಗಡಿಯಲ್ಲಿ ಅಡಗಿದ್ದಾರೆ. ಅದು ನಮ್ಮದೇ. ಬೋರ್ಡಿನ ಬಣ್ಣ, ಕಾಕಾ ಕೂರುವ ಕಟ್ಟೆ, ಅಪ್ಪನ ಕುರ್ಚಿ, ಹಿಂದಿನ ಗೋಡೆಯ ಬೆಳಕಿಂಡಿ, ಅದರಿಂದ ಮುರಿದ ಕಪಾಟಿನ ಮೇಲೆ ಬೀಳುವ ಬಿಸಿಲು, ಯಾವುದನ್ನೂ ಬಿಟ್ಟಿರಲಿಲ್ಲ ಅವನು. ಇಷ್ಟು ಸರಿಯಾಗಿ ನೆನಪಿಟ್ಟಿದ್ದಾನಲ್ಲ ಅಂತ ನನಗೆ ಇನ್ನೂ ಸಿಟ್ಟು ಬಂತು. ಪರದೆಯ ಮೇಲಿನ ಮನುಷ್ಯ ಕಪಾಟಿನಿಂದ ಒಂದು ಪುಸ್ತಕ ತೆಗೆದು ಬೆಂಕಿಗೆ ಹಾಕಿದ.

"ಅದ್ಯಾಕ?"

"ಚಳಿ ಐತಿ. ಬೆಂಕಿ ಇದ್ರ ಜೀವ ಉಳೀತೈತಿ. ಅದು ಆಟದ ನಿಯಮ, ನಂದಲ್ಲ."

"ಸಿಂದಗ್ಯಾಗ ಎಲ್ಲಿ ಚಳಿ ಐತೋ ಮಾರಾಯಾ? ಮಂದಿ ಬಿಸಲಿಗೆ ಸಾಯ್ತಾರ!"

ತಮ್ಮ ನಕ್ಕ. ಅವನು ನಕ್ಕದ್ದು ನೋಡಿ ಎಷ್ಟೋ ದಿನವಾಗಿತ್ತು. ನನಗೆ ನಗು ಬರಲಿಲ್ಲ. ಮೌಸು ಕಸಿದುಕೊಂಡು ನಾನೇ ಅಂಗಡಿಯೊಳಗೆ ಅಡ್ಡಾಡಿದೆ. ಹಿಂದಿನ ಗೋಡೆಯೊಳಗೆ ಮಾಳಿಗೆಗೆ ಹತ್ತುವ ಕಿರಿದಾದ ಮೆಟ್ಟಿಲುಗಳಿದ್ದವು, ನಿಜವಾದ ಅಂಗಡಿಯಲ್ಲಿ ಇದ್ದ ಹಾಗೆಯೇ. ಹತ್ತಿದೆ. ಮೇಲೆ, ಬೀಳದೆ ಉಳಿದ ಎರಡು ಅಂಕಣದ ಅಂಚಿನಲ್ಲಿ ಮಾಳಿಗೆಯ ಮಣ್ಣು ಕಡಿದು ಇಟ್ಟಂತೆ ಕಾಣುತ್ತಿತ್ತು. ಪದರದ ಮೇಲೆ ಪದರ. ಬಿಳಿ, ಬೂದಿ, ಮತ್ತೆ ಬಿಳಿ. ತೊಡೆಯ ಎತ್ತರ ಇತ್ತು.

ನಿಜವಾದ ಮಾಳಿಗೆಯ ಆ ಅಂಚನ್ನು ನಾನು ನೋಡಿರಲಿಲ್ಲ. ಉಳಿದ ಎರಡು ಅಂಕಣಗಳನ್ನು ಅಪಾಯ ಅಂತ ಆ ವಾರವೇ ಕೆಡವಿದ್ದರು. ಕೆಡವುವ ಆಳುಗಳ ಜೊತೆ ಮೇಲೆ ಹತ್ತಿದವನು ತಮ್ಮ ಒಬ್ಬನೇ.

ಎಲ್ಲಕ್ಕಿಂತ ಮೇಲಿನ ಪದರ ಬೇರೆಯವುಗಳಿಗಿಂತ ದಪ್ಪವಿತ್ತು. ಅದರ ತುಂಬ ಬಿಳಿ ಚುಕ್ಕೆ.

"ಇವೇನು?"

"ಚಿಪ್ಪು. ಸಣ್ಣ ಶಂಖ ಇರ್ತಾವಲ್ಲ, ಅವು. ಆ ವರ್ಷ ಮಣ್ಣ ಯಂಕಂಚಿ ಹಳ್ಳದಿಂದ ಬಂದಿತ್ತು."

"ಯಾವ ವರ್ಷ?"

ತಮ್ಮ ಎದ್ದು ಹೋಗಿ ಹುಡುಗರನ್ನು ಒಳಗೆ ಕರೆದ.

ಮುದ್ದೇಬಿಹಾಳಕ್ಕೆ ಬಂದು ಮರುದಿನ ಟ್ರಂಕು ತೆಗೆದೆ. ಒಣಗಿ ಹಪ್ಪಳವಾದ ಪುಸ್ತಕಗಳನ್ನು ಒಂದೊಂದಾಗಿ ಹಾಸಿದ ಪೇಪರಿನ ಮೇಲೆ ಝಾಡಿಸಿದೆ. ಬಿಳಿ ಮಣ್ಣು ಉದುರಿತು. ಮಣ್ಣಿನ ಜೊತೆ ಚಿಪ್ಪುಗಳು ಉದುರಿದವು, ಜೋಳದ ಕಾಳಿನಷ್ಟು ಸಣ್ಣವು, ಒಂದು ಬೊಗಸೆ ತುಂಬ. ನಮ್ಮ ಮಾಳಿಗೆಯ ಮಣ್ಣಿನಲ್ಲಿ ಚಿಪ್ಪು ಇದ್ದದ್ದನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅವನು ಮಣ್ಣು ಹಾಕಿಸಿದ್ದ. ಹೇಳಿದ್ದಕ್ಕಿಂತ ಕಡಿಮೆ ಹಾಕಿಸಿದ್ದರೆ ಬಹುಶಃ ಅಂಗಡಿ ನಿಲ್ಲುತ್ತಿತ್ತು. ಮಳೆ ಕುಡಿದ ಅಷ್ಟೊಂದು ಮಣ್ಣಿನ ಭಾರಕ್ಕೆ ತೊಲೆ ಮುರಿದಿತ್ತು. ನಾನು ಮೂರು ವರ್ಷ, ಎರಡು ತಾಲೂಕು ತಿರುಗಿ ಬೈದದ್ದು ಕೆಲಸ ಮಾಡಿದವನನ್ನು.

ನನ್ನ ಮೇಲೆ ನನಗೆ ಎಷ್ಟು ಅಸಹ್ಯವಾಯಿತೆಂದರೆ, ಆ ಸಿಟ್ಟನ್ನೂ ಅವನ ಮೇಲೆಯೇ ಹಾಕಿದೆ. ಬಾಯಿ ಇರಲಿಲ್ಲವೇ ಇವನಿಗೆ? ಹಾಕಿದ್ದೇನೆ ಅಂತ ಒಂದು ಮಾತು ಹೇಳಲಿಕ್ಕೆ ಏನಾಗಿತ್ತು ಧಾಡಿ? ಅಪ್ಪನಿಗಂತೂ ಇದು ಗೊತ್ತಿಲ್ಲ, ಪಾಪ. ಮಗ ಮೋಸ ಮಾಡಿದ ಅಂತ ಕೊರಗುತ್ತ ಕೂತಿದ್ದಾನೆ. ಅವನಿಗೆ ತೋರಿಸಿದರೆ ಅಪ್ಪ ಮಗ ಮಾತಾಡುತ್ತಾರೆ ಅಂದುಕೊಂಡೆ.

ಮುಂದಿನ ಶನಿವಾರ ಅಪ್ಪನನ್ನು ಸೆಂಟರಿಗೆ ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ಕಾಕಾನೂ ಬಂದ. ಅಪ್ಪ ಪರದೆಯ ಮುಂದೆ ಕೂತು ಬಹಳ ಹೊತ್ತು ನೋಡಿದ. ಕಣ್ಣು ತುಂಬಿ ಬಂದಿದ್ದವು. ಕಾಕಾ ಹಿಂದಿನಿಂದ ಬಗ್ಗಿ, "ಆ ಹೆಣಾ ತಗೀಯಪಾ ಮೊದಲ, ನನ್ನ ಜಾಗಾ ಅದು," ಅಂದ. ತಮ್ಮ ಅಪ್ಪನ ಪಕ್ಕದಲ್ಲಿ ನಿಂತು, ಬೇಕಾದ ಕಡೆಗೆಲ್ಲ ಅಂಗಡಿಯೊಳಗೆ ಅಡ್ಡಾಡಿಸಿದ.

"ಹಿಂದ ಹೋಗು," ಅಂದ ಅಪ್ಪ. ಮೂರು ವರ್ಷದಲ್ಲಿ ಮಗನಿಗೆ ಹೇಳಿದ ಮೊದಲ ಮಾತು. "ಮೆಟ್ಟಲಾ ಮಾಡಿಯೇನು?"

ತಮ್ಮ ನನ್ನ ಕಡೆ ಒಮ್ಮೆ ನೋಡಿದ. "ಇಲ್ಲಪಾ. ಮ್ಯಾಲ ಹತ್ತಾಕ ಬರೂದಿಲ್ಲ."

ಕಳೆದ ವಾರ ನಾನೇ ಹತ್ತಿದ್ದೆ. ಯಾಕೆ ಸುಳ್ಳು ಹೇಳುತ್ತಾನೆ ಅಂತ ಕೇಳಲಿಕ್ಕೆ ಬಾಯಿ ತೆಗೆದವಳು ಅಪ್ಪನ ಮುಖ ನೋಡಿ ನಿಂತೆ. ಅಪ್ಪನ ಭುಜ ಸಡಿಲಾಗಿತ್ತು. ಉಸಿರು ಬಿಟ್ಟು, "ಛಲೋ ಆತು ಬಿಡು," ಅಂದ. ಏಳಲಿಕ್ಕೆ ಚಪ್ಪಲಿ ಹುಡುಕತೊಡಗಿದ.

ಆಗ ನನಗೆ ತಿಳಿಯಿತು. ಪ್ರತಿ ವರ್ಷ ಬರಿಗಾಲಲ್ಲಿ ಮಾಳಿಗೆ ಹತ್ತಿ ತುಳಿಯುವ ಮನುಷ್ಯ ಆ ಒಂದು ವರ್ಷ ಹತ್ತದೆ ಇರುತ್ತಾನೆಯೇ? ಕಾಲಿಗೆ ಚಿಪ್ಪು ಚುಚ್ಚಿರಲಿಲ್ಲವೇ?

"ಮೆಟ್ಟಲಾ ಐತಿ ಅಪ್ಪಾ," ಅಂದೆ. "ಕೂಡು."

"ಅಕ್ಕಾ, ಬ್ಯಾಡ," ಅಂದ ತಮ್ಮ. ನಾನು ಕೇಳಲಿಲ್ಲ. ಮೌಸು ತೆಗೆದುಕೊಂಡು ಹಿಂದಿನ ಗೋಡೆಯ ಮೆಟ್ಟಿಲು ಹತ್ತಿಸಿ, ಆ ಕಡಿದ ಅಂಚಿನ ಮುಂದೆ ನಿಲ್ಲಿಸಿದೆ. ಟ್ರಂಕಿನಲ್ಲಿ ಸಿಕ್ಕ ಚಿಪ್ಪುಗಳನ್ನು ಪೊಟ್ಟಣ ಕಟ್ಟಿ ತಂದಿದ್ದೆ, ಅವನ್ನೂ ಟೇಬಲ್ಲಿನ ಮೇಲೆ ಸುರಿದೆ. ಅಪ್ಪ ಪರದೆ ನೋಡಲಿಲ್ಲ, ಚಿಪ್ಪು ನೋಡಿದ.

"ದೇವಣಗಾಂವದಿಂದ ಬಂದ ದಿನಾನ ತುಳದ ನೋಡಿದ್ನಿ," ಅಂದ. "ಹಳೇದು ತಗೀತೇನಿ ಅಂದಿದ್ದ ಇಂವ. ನಾನ ಬ್ಯಾಡ ಅಂದೆ. ಎರಡ ಗಾಡಿ ಸಾಕು ಅಂದ. ನಾಲ್ಕ ಹಾಕು ಅಂತ ನಾನ ಹೇಳಿದ್ನಿ." ಆಮೇಲೆ ತಮ್ಮನ ಕಡೆ ತಿರುಗಿ, ಗದರಿಸುವಂತೆ ಕೇಳಿದ: "ನೀ ಯಾಕ ಬಾಯಿ ತಗೀಲಿಲ್ಲ ಅವತ್ತ?"

"ನೀ ಹೇಳ್ತಿ ಅಂತ ಕುಂತಿದ್ನಿ," ಅಂದ ತಮ್ಮ.

ಕಾಕಾ ಗೋಡೆಯ ಕಡೆ ಮುಖ ತಿರುಗಿಸಿದ. ಮೂಲೆಯ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಹುಡುಗರು ಆಟ ನಿಲ್ಲಿಸಿದರು. ಇಷ್ಟಾದ ಮೇಲೂ ಅಪ್ಪ, "ಆಗಿದ್ದು ಆಗಿ ಹೋತು," ಅಂದ. ನನ್ನ ರಕ್ತ ಕುದಿಯಿತು. ಆಗಿಹೋದದ್ದು ಯಾರಿಗೆ? ಬೀದಿಯ ತುಂಬ ಜನ ಸೇರಿಸಿ ಮಗನನ್ನು ಮೈಗಳ್ಳ ಮಾಡಿದವನು ನಾಲ್ಕು ಗೋಡೆಯ ನಡುವೆ ನಿಜ ಒಪ್ಪಿಕೊಂಡು ಚಪ್ಪಲಿ ಮೆಟ್ಟಿ ಹೊರಟರೆ ಮುಗಿಯಿತೇ? ಆ ಮಾತನ್ನು ಊರೂರು ಹೊತ್ತು ತಿರುಗಿದವಳು ನಾನು. ಇಳಿಸಲಿಕ್ಕೂ ನಾನೇ ಹೋಗಬೇಕು. ಆದರೆ ಒಬ್ಬಳೇ ಹೋಗುವುದಿಲ್ಲ ಅಂತ ಅಲ್ಲೇ ಹೇಳಿದೆ.

ಮರುದಿನ ಬೆಳಗ್ಗೆ ಅಪ್ಪನನ್ನು ಎಬ್ಬಿಸಿ, ಅಂಗಿ ಕೈಗೆ ಕೊಟ್ಟು, ಇಂಡಿ ಬಸ್ಸು ಹತ್ತಿಸಿದೆ. ಅತ್ತೆ ಅಣ್ಣನನ್ನು ಕಂಡು ಹಿಗ್ಗಿ ಅವಲಕ್ಕಿ ಕಲಸಿದಳು, ಚಹಾ ಕೊಟ್ಟಳು, ಪಡಸಾಲೆಯಲ್ಲಿ ಮನೆಯವರನ್ನೆಲ್ಲ ಕೂಡಿಸಿದಳು. ನಾನು ಕಾದಿದ್ದ ಪ್ರಶ್ನೆಯನ್ನು ತಾನಾಗಿಯೇ ಕೇಳಿದಳು: "ಆ ಮೈಗಳ್ಳಗ ಈಗರ ಬುದ್ಧಿ ಬಂತೇನೋ ಅಣ್ಣಾ?"

ಅಪ್ಪ ನನ್ನ ಕಡೆ ನೋಡಿದ. ನಾನು ಕಣ್ಣು ಇಳಿಸಲಿಲ್ಲ.

"ಹೇಳಪಾ," ಅಂದೆ.

ಅಪ್ಪ ಚಹಾದ ಬಸಿಯನ್ನು ಕೆಳಗಿಟ್ಟ. "ಅಂವ ಮಣ್ಣ ಹಾಕಿದ್ದ," ಅಂದ. "ನಾ ಸುಳ್ಳ ಹೇಳಿದ್ನಿ."

ಅತ್ತೆ ಯಾಕೆ, ಏನು ಅಂತ ಕೇಳತೊಡಗಿದಳು. ನಾನು ಎದ್ದು ಚಪ್ಪಲಿ ಮೆಟ್ಟಿ, ಅಪ್ಪನ ಚಪ್ಪಲಿಯನ್ನೂ ಹೊಸ್ತಿಲ ಮುಂದೆ ತಿರುಗಿಸಿ ಇಟ್ಟೆ. ಬಸವನ ಬಾಗೇವಾಡಿಯ ಮಾವನ ಮನೆ ಇನ್ನೂ ಉಳಿದಿತ್ತು.